ಐದನೆಯ ಕಂಬದ ಎರಡು ಕಾಲು

ಜೇಬೆಜ್ ಒತ್ತಿದ ಚಾಕು ಮರದೊಳಗೆ ಹಿಡಿಯವರೆಗೂ ಇಳಿದುಹೋಯಿತು. ಬ್ರೆಡ್ಡಿಗೆ ಚುಚ್ಚಿದ ಹಾಗೆ, ಸದ್ದೇ ಇಲ್ಲ.

“ಮೇಸ್ತ್ರಿ, ಇದೂ ಕೊಳೆತುಹೋಗಿದೆ,” ಎಂದು ಹಗ್ಗದಲ್ಲಿ ತೂಗಾಡುತ್ತಲೇ ಮೇಲಕ್ಕೆ ಕೂಗಿ ಹೇಳಿದ.

ಸೇತುವೆಯ ಹಲಗೆಯ ಮೇಲೆ ಬೋರಲು ಮಲಗಿ ಕೆಳಗೆ ಇಣುಕುತ್ತಿದ್ದ ಡಿಗೊರಿ ನ್ಯಾನ್ಕರ್ವಿಸ್ ಟೋಪಿ ಹಿಂದಕ್ಕೆ ತಳ್ಳಿ ಇನ್ನಷ್ಟು ಬಗ್ಗಿದ. ಜೇಬೆಜ್ ಅವನ ಮಗಳ ಗಂಡ. ಮನೆಯಲ್ಲಿ ‘ಮಾವ’ ಅನ್ನುವವನು ಸೇತುವೆಗೆ ಕಾಲಿಟ್ಟರೆ ‘ಮೇಸ್ತ್ರಿ’ ಅನ್ನುತ್ತಿದ್ದ. ಹಗ್ಗದ ಕೆಲಸಕ್ಕೆ ಇಡೀ ಕಾರ್ನ್‌ವಾಲ್ ಸೀಮೆಯಲ್ಲಿ ಜೇಬೆಜನ ಸಮ ಇನ್ನೊಬ್ಬನಿರಲಿಲ್ಲ. ಹೊಳೆ ದಾರದ ಎಳೆಯಂತೆ ಕಾಣುವಷ್ಟು ಎತ್ತರದಲ್ಲಿ ನೇತಾಡಿಕೊಂಡೇ ಹಾಡು ಗುನುಗಬಲ್ಲವನು. ಈಗ ಮಾತ್ರ ಗುನುಗುತ್ತಿರಲಿಲ್ಲ.

ಕಾರ್ವೊಸಾ ಕಣಿವೆಯ ಆ ಸೇತುವೆಯನ್ನು ಮೊದಲ ಸಲ ನೋಡಿದವರು ರೈಲಿನಿಂದ ಇಳಿದು ನಡೆದುಹೋಗುತ್ತೇವೆ ಅಂದದ್ದೂ ಉಂಟು. ಕಣಿವೆಯಿಂದ ಎದ್ದ ಕಲ್ಲುಗಂಬಗಳು ಅರ್ಧಕ್ಕೇ ನಿಂತುಬಿಡುತ್ತವೆ. ಅಲ್ಲಿಂದ ಮೇಲಕ್ಕೆಲ್ಲ ಬರೀ ಮರ. ಒಂದೊಂದು ಕಂಬದ ನೆತ್ತಿಯಿಂದಲೂ ನಾಲ್ಕು ಮರದ ಕಾಲುಗಳು ಬಿಡಿಸಿದ ಬೆರಳುಗಳ ಹಾಗೆ ಹರಡಿಕೊಂಡು ಹಳಿಯನ್ನು ಎತ್ತಿ ಹಿಡಿದಿವೆ. ಕಟ್ಟಿದವರು ಆಂಬ್ರೋಸ್ ಕ್ವಿಲ್ಟರ್. ರೈಲು ಹೊಸದಾಗಿ ಬಂದ ಕಾಲದಲ್ಲಿ ಹಳಿ ಹಾಕಿದ ಎಂಜಿನಿಯರುಗಳು ಬೇಕಾದಷ್ಟು ಮಂದಿ. ಆದರೆ ನದಿ ಅಡ್ಡ ಮಲಗಿದರೆ, ಕಣಿವೆ ಬಾಯಿ ತೆರೆದರೆ ಲಂಡನ್ನಿನವರು ಹೇಳಿಕಳಿಸುತ್ತಿದ್ದುದು ಕ್ವಿಲ್ಟರರಿಗೆ. ಅವರು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿತ್ತು. ಊರೂರಲ್ಲಿ ಅವರ ಪ್ರತಿಮೆ ಎದ್ದಿತ್ತು, ಹೋಟೆಲುಗಳಿಗೆ ಅವರ ಹೆಸರು ಬಿದ್ದಿತ್ತು. ಡಿಗೊರಿಗೆ ಮಾತ್ರ ಅವರು ಈಗಲೂ ‘ಯಜಮಾನರು’. ಅವನು ಹರೆಯದ ಬಡಗಿಯಾಗಿದ್ದಾಗ ಇದೇ ಸೇತುವೆಯ ಮೇಲೆ ಅವರು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರಂತೆ: “ಇದರ ಯಾವ ಕಾಲು ಬೇಕಾದರೂ ತೆಗೆದುಹಾಕು, ನ್ಯಾನ್ಕರ್ವಿಸ್. ನನ್ನ ಸೇತುವೆ ನಿಂತಿರುತ್ತೆ.” ಈ ಮಾತನ್ನು ಡಿಗೊರಿ ಮದುವೆಗಳಲ್ಲಿ, ತಿಥಿಗಳಲ್ಲಿ, ಚಾಪೆಲಿನ ಚಹಾಕೂಟಗಳಲ್ಲಿ ಹೇಳಿ ಹೇಳಿ, ಈಗೀಗ ಅವನು ಗಂಟಲು ಸರಿಮಾಡಿಕೊಂಡರೆ ಸಾಕು, ಜನ ಕುರ್ಚಿ ಸರಿಸಿಕೊಂಡು ಏಳುತ್ತಿದ್ದರು.

ಇವತ್ತು ಶನಿವಾರ. ಸೋಮವಾರ ಕಂಪನಿಯ ದೊಡ್ಡವರು ಸೇತುವೆ ನೋಡಲು ಬರುವವರಿದ್ದರು. ಮರದ ಸೇತುವೆಗಳ ಕಾಲ ಮುಗಿಯಿತು, ಎಲ್ಲ ಕೆಡವಿ ಕಲ್ಲಿನದು ಕಟ್ಟಬೇಕು ಎಂದು ಅವರಲ್ಲಿ ಅರ್ಧ ಮಂದಿಯ ವಾದ. ಒಂದು ಕೊಳೆತ ಕಾಲು ಕಂಡರೂ ಸಾಕು, ಉಳಿದರ್ಧ ಮಂದಿಯೂ ತಲೆಯಾಡಿಸುತ್ತಾರೆ. ಅದಕ್ಕೇ ಐದನೆಯ ಕಂಬದ ಕೆಟ್ಟ ಕಾಲೊಂದನ್ನು ಬೆಳಗಿನ ರೈಲು ಹೋದ ಕೂಡಲೇ ಕಳಚಿ ಇಳಿಸಿದ್ದರು. ಅದನ್ನು ತೆಗೆದ ಮೇಲೆ ಪಕ್ಕದ ಕಾಲಿನ ಬುಡವೂ ಹೀಗೆ ಬಾಯಿಬಿಟ್ಟಿತ್ತು.

“ಮೊದಲು ಹೊಸ ಕಾಲು ನಿಲ್ಲಿಸೋಣ. ಇದನ್ನ ಸೋಮವಾರ ನೋಡಿದ್ರಾಯ್ತು,” ಎಂದ ಜೇಬೆಜ್.

“ಸೋಮವಾರ ಅವರು ಇಲ್ಲೇ ಬಂದು ನಿಂತಿರ್ತಾರಲ್ಲಪ್ಪ.”

“ಹಾಗಾದ್ರೆ ನಾಳೆ.”

“ನಾಳೆ ಭಾನುವಾರ. ಸುತ್ತಿಗೆ ಮುಟ್ಟಿದರೆ ದೇವರು ಕ್ಷಮಿಸಿಯಾನು, ನಿಮ್ಮತ್ತೆ ಕ್ಷಮಿಸಲ್ಲ.” ಡಿಗೊರಿ ಎದ್ದು ಕೂತ. ಎರಡೂ ಕಾಲುಗಳ ಪಾದ ಒಂದೇ ಕಬ್ಬಿಣದ ಗೂಡಿನಲ್ಲಿ ಕೂರುವಂಥದ್ದು. ಎರಡನ್ನೂ ಒಟ್ಟಿಗೆ ತೆಗೆದರೆ ಎರಡನ್ನೂ ಇವತ್ತೇ ನಿಲ್ಲಿಸಬಹುದು. ಮಧ್ಯಾಹ್ನ ಇಳಿಯುವವರೆಗೂ ರೈಲಿಲ್ಲ. “ಅದನ್ನೂ ಬಿಚ್ಚು.”

ಹಗ್ಗ ಒಂದು ಸುತ್ತು ತಿರುಗಿ ನಿಂತಿತು. “ಒಂದು ಸಲಕ್ಕೆ ಒಂದು ಅಲ್ವಾ ಮೇಸ್ತ್ರಿ?”

“ಅದು ಕಂಪನಿಯವರ ಕಾಯಿದೆ. ಯಜಮಾನರು ಏನು ಹೇಳಿದರು ಅಂತ ನಾನು ಕಿವಿಯಾರೆ ಕೇಳಿದೀನಿ.”

“ಅದನ್ನ ನಾವೂ ಕೇಳಿದೀವಿ ಬಿಡಿ,” ಎಂದು ಸೇತುವೆಯ ಮೇಲೆ ರಾಟೆ ಹಿಡಿದಿದ್ದ ಇಬ್ಬರು ಆಳುಗಳಲ್ಲೊಬ್ಬ ಗೊಣಗಿದ. ಇನ್ನೊಬ್ಬ ನಕ್ಕ. ಜೇಬೆಜ್ ನಗಲಿಲ್ಲ, ಆದರೆ ಬಿಚ್ಚಿದ.

ಕಂಬದ ನೆತ್ತಿಯಲ್ಲೀಗ ನಾಲ್ಕು ಬೆರಳುಗಳ ಜಾಗದಲ್ಲಿ ಎರಡು. ಡಿಗೊರಿ ಅತ್ತ ನೋಡದೆ ಹೊಸ ಕಾಲಿಗೆ ಸರಪಳಿ ಬಿಗಿಸಿದ. ಸಮುದ್ರದ ಕಡೆಯಿಂದ ಗಾಳಿ ಎದ್ದು, ಅದರ ಹಿಂದೆಯೇ ಸೋನೆ ಹಿಡಿಯಿತು. ಹಳಿ ಒದ್ದೆಯಾಗಿ ಹೊಳೆಯತೊಡಗಿತು. ರಾಟೆ ಕಿರುಗುಡುತ್ತ ಹೊಸ ಕಾಲನ್ನು ಎತ್ತಿತು. ಅದು ಜೇಬೆಜನ ತಲೆಯ ಮೇಲೆಯೇ ಗಾಳಿಗೆ ಆಡುತ್ತ ನಿಂತಿತು.

ಅದೇ ಹೊತ್ತಿಗೆ ಲವ್‌ಡೇ ಬುಟ್ಟಿ ಹಿಡಿದು ಬಂದಳು. ಡಿಗೊರಿಯ ಮಗಳು, ಜೇಬೆಜನ ಹೆಂಡತಿ, ಸೇತುವೆಯಾಚೆಗಿನ ರಸ್ತೆಗೇಟಿನ ಕಾವಲುಗಾರ್ತಿ. ಬುಟ್ಟಿಯಲ್ಲಿ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಪ್ಯಾಸ್ಟಿಗಳು. ಯಾರದು ಯಾರಿಗೆ ಎಂದು ಜಗಳವಾಗದ ಹಾಗೆ ಒಂದೊಂದರ ಮೂಲೆಯಲ್ಲೂ ಹೆಸರಿನ ಅಕ್ಷರ.

“ಏನಪ್ಪ, ಇನ್ನೂ ಇವನನ್ನ ಹಗ್ಗಕ್ಕೇ ನೇತುಹಾಕಿದೀಯ? ಹೂಕೋಸಿನ ಗಾಡಿ ಬರೋ ಹೊತ್ತಾಯ್ತು.”

“ಯಾವ ಗಾಡಿ?”

“ಅಯ್ಯೋ, ಬೆಳಗಿನ ರೈಲಿನ ಬಾಲಕ್ಕೆ ಕೆಂಪು ಹಲಗೆ ಕಟ್ಟಿತ್ತಲ್ಲ. ಅದಕ್ಕೇ ಗೇಟು ಹಾಕಿ ಬಂದೆ.”

ಡಿಗೊರಿ ಥಟ್ಟನೆ ಹಳಿಯ ತಿರುವಿನ ಕಡೆ ತಿರುಗಿದ. ಹಿಂದಿನ ಬಂಡಿಗೆ ಕೆಂಪು ಹಲಗೆ ಕಟ್ಟಿದ್ದರೆ, ‘ನನ್ನ ಬೆನ್ನಿಗೇ ಇನ್ನೊಂದು ಗಾಡಿ ಇದೆ’ ಎಂದರ್ಥ. ಪೆಂಜಾನ್ಸಿನಲ್ಲಿ ಹೂಕೋಸಿನ ಫಸಲು ಬಂದಾಗ ಹೀಗೆ ವೇಳಾಪಟ್ಟಿಯಲ್ಲಿಲ್ಲದ ಗಾಡಿಗಳು ಲಂಡನ್ನಿಗೆ ಓಡುತ್ತಿದ್ದವು. ಹೋಗುವ ರೈಲಿನ ಮುಖ ಎಲ್ಲರೂ ನೋಡುತ್ತಾರೆ, ಬಾಲ ನೋಡುವವನೇ ರೈಲಿನವನು ಎಂದು ಮಗಳಿಗೆ ಕಲಿಸಿದವನೇ ಅವನು. ಬೆಳಗ್ಗೆ ಆ ರೈಲು ಹಾದುಹೋಗುವಾಗ ಅವನು ಬೋರಲು ಮಲಗಿ, ಕೆಟ್ಟ ಕಾಲು ಭಾರಕ್ಕೆ ಹೇಗೆ ನಲುಗುತ್ತದೆಂದು ಕೆಳಗೆ ನೋಡುತ್ತಿದ್ದ. ಬಾಲ ನೋಡಿರಲಿಲ್ಲ.

ಲವ್‌ಡೇ ಅಂಚಿಗೆ ಬಂದು ಬಗ್ಗಿದಳು. ಮತ್ತೆ ನೆಟ್ಟಗಾದಾಗ ಅವಳ ಮುಖದಲ್ಲಿ ನಗುವಿರಲಿಲ್ಲ.

“ಎರಡು ತೆಗೆದಿದೀಯಾ?”

ಉತ್ತರ ಕೊಟ್ಟದ್ದು ಆಚೆಯ ತಿರುವು. ಎರಡು ಗಿಡ್ಡ ಸಿಳ್ಳೆ. ಅಲ್ಲಿ ಕಾವಲು ನಿಂತಿದ್ದ ಮುದುಕ ಸ್ಯಾಂಪ್ಸನ್ ಹಸಿರು ಬಾವುಟ ತೋರಿಸಿದ್ದಾನೆ. ಡ್ರೈವರ್ ‘ಕಂಡೆ’ ಅಂದಿದ್ದಾನೆ. ಕೆಂಪೆಂದರೆ ನಿಲ್ಲು. ಹಸಿರೆಂದರೆ ನಿಧಾನ, ಅಷ್ಟೆ.

“ಜೇಬೆಜನನ್ನ ಮೇಲಕ್ಕೆಳೀರಿ,” ಎಂದಳು ಲವ್‌ಡೇ.

“ಎಳೆಯೋಕಾಗಲ್ಲ ಕಣವ್ವ,” ಎಂದ ರಾಟೆಯವನು. ಅವನ ಕತ್ತಿನ ನರ ಉಬ್ಬಿತ್ತು. “ನಾವು ಕೈಬಿಟ್ಟರೆ ಈ ಕಾಲು ನೇರ ಅವನ ತಲೆ ಮೇಲೆ.”

ಡಿಗೊರಿಯ ಸೊಂಟದಲ್ಲಿ ಕೆಂಪು ಬಾವುಟ ಸುತ್ತಿ ಸಿಕ್ಕಿಸಿತ್ತು. ಕೈ ಅದರ ಮೇಲೆ ಹೋಯಿತು, ಹೋಗಿ ಅಲ್ಲೇ ನಿಂತಿತು. ಗಾಡಿ ನಿಲ್ಲಿಸಿದರೆ ಯಾಕೆ ನಿಲ್ಲಿಸಿದೆ ಎಂದು ಕೇಳುತ್ತಾರೆ. ಎರಡು ಕಾಲು ತೆಗೆದಿದ್ದ ಎಂದು ಗೊತ್ತಾದರೆ ಸೋಮವಾರದವರೆಗೂ ಕಾಯಬೇಕಿಲ್ಲ, ಅವನ ಕೆಲಸವೂ ಹೋಯಿತು, ಸೇತುವೆಯೂ ಹೋಯಿತು. ನಿಲ್ಲಿಸದಿದ್ದರೆ, ಗಾಡಿ ನಿಧಾನವಾಗಿ ಬರುತ್ತದೆ, ನಿಧಾನವಾಗಿ ಹೋಗುತ್ತದೆ. ಹೋಗಬಹುದು.

“ಅಪ್ಪ, ಅದನ್ನ ನಿಲ್ಲಿಸು.”

“ನಿಧಾನಕ್ಕೆ ಬರುತ್ತೆ ಕಣೆ. ಸ್ಯಾಂಪ್ಸನ್ ಹಸಿರು ತೋರಿಸಿದಾನೆ.”

“ಅವನು ಹಸಿರು ತೋರಿಸಿದ್ದು ಒಂದು ಕಾಲಿಗೆ. ಎರಡು ಅಂತ ಅವನಿಗೆ ಹೇಳಿದ್ಯಾ?”

ಹೇಳಿರಲಿಲ್ಲ. “ತಡೆಯುತ್ತೆ. ಯಜಮಾನರು ಹೆಗಲ ಮೇಲೆ ಕೈಯಿಟ್ಟು ಹೇಳಿದಾರೆ, ಯಾವ ಕಾಲು ಬೇಕಾದರೂ ತೆಗೆದುಹಾಕು, ನನ್ನ ಸೇತುವೆ…”

“ಆಮೇಲೆ?”

“ಏನು ಆಮೇಲೆ?”

“ಆಮೇಲೆ ಏನು ಹೇಳಿದ್ರು? ನಾನು ಚಿಕ್ಕವಳಿದ್ದಾಗ ಈ ಕತೆಗೆ ಇನ್ನೊಂದು ತುಂಡಿತ್ತು. ತೊಡೆ ಮೇಲೆ ಕೂರಿಸಿಕೊಂಡು ಹೇಳ್ತಿದ್ದೆ. ಪೂರ್ತಿ ಹೇಳಪ್ಪ.”

ತಿರುವಿನ ಮರಗಳ ಮೇಲೆ ಹೊಗೆ ಕಾಣಿಸಿತು. ಡಿಗೊರಿಗೆ ಹೆಗಲ ಮೇಲಿನ ಆ ಕೈ ನೆನಪಾಯಿತು, ಆ ಕೈ ಹೆಗಲು ಬಿಟ್ಟು ಅವನ ಮುಖದ ಮುಂದೆ ಬಂದು ಒಂದೇ ಬೆರಳೆತ್ತಿದ್ದು ನೆನಪಾಯಿತು. ಉಗುರಿನ ಸಂದಿಯಲ್ಲಿ ಮಸಿ. “ಒಂದು ಸಲಕ್ಕೆ ಒಂದೇ, ನ್ಯಾನ್ಕರ್ವಿಸ್. ಇನ್ನೊಂದನ್ನ ಮುಟ್ಟಿದರೆ ಆಮೇಲೆ ಅದು ನನ್ನ ಸೇತುವೆ ಅಲ್ಲ, ನಿನ್ನದು.” ಚಹಾಕೂಟದಲ್ಲಿ ಜನ ನಗುತ್ತಿದ್ದುದು, ಚಪ್ಪಾಳೆ ತಟ್ಟುತ್ತಿದ್ದುದು ಮೊದಲರ್ಧಕ್ಕೆ. ಉಳಿದದ್ದು ಯಾವಾಗ ಉದುರಿಹೋಯಿತೋ ಅವನಿಗೇ ಗೊತ್ತಿಲ್ಲ.

ಅವನು ಬಾವುಟ ಕಿತ್ತುಕೊಂಡು ಓಡಿದ.

ಮೊಣಕಾಲು ನೋಯುವ ಮುದುಕ, ಒದ್ದೆ ಹಲಗೆ, ಹಲಗೆಗಳ ನಡುವೆ ಕೆಳಗಿನ ಗಾಳಿ. ಎಂಜಿನ್ ತಿರುವು ದಾಟಿ ಇಳಿಜಾರಿಗೆ ಬಿದ್ದಿತ್ತು. ನಡಿಗೆಯ ವೇಗವೇ, ಆದರೆ ಬೆನ್ನ ಹಿಂದೆ ಹೂಕೋಸು ತುಂಬಿದ ಬಂಡಿಗಳ ಸಾಲು. ಡಿಗೊರಿ ಹಳಿಗಳ ನಡುವೆ ಬಾವುಟ ಬಿಚ್ಚಿ ಹಿಡಿದ. ಗಾಳಿ ಅದನ್ನು ಅವನ ಮುಖಕ್ಕೇ ಸುತ್ತಿತು. ಎರಡೂ ಕೈಯಲ್ಲಿ ಎಳೆದು ಹರಡಿದ, ಒಗೆದ ಬಟ್ಟೆ ಒಣಹಾಕುವವನ ಹಾಗೆ.

ಬ್ರೇಕು ಕಿರುಚಿತು. ಚಕ್ರಗಳು ತಿರುಗುವುದನ್ನು ನಿಲ್ಲಿಸಿದವು, ಎಂಜಿನ್ ಮಾತ್ರ ಬರುತ್ತಲೇ ಇತ್ತು, ಒದ್ದೆ ಹಳಿಯ ಮೇಲೆ ಜಾರಿಕೊಂಡು. ಮೊದಲನೆಯ ಕಂಬ ದಾಟಿತು. ಎರಡನೆಯದು. ಪಾದದಡಿಯ ತೊಲೆ ನಡುಗಿದ್ದು ಡಿಗೊರಿಗೆ ಹಲ್ಲಿನವರೆಗೂ ತಿಳಿಯಿತು. ಅದೇ ನಡುಕ ಈಗ ಐದನೆಯ ಕಂಬದಲ್ಲಿ ಜೇಬೆಜನ ಹಗ್ಗಕ್ಕೂ ಮುಟ್ಟಿರುತ್ತದೆ ಅನಿಸಿತು. ಅವನು ಕದಲಲಿಲ್ಲ. ಕದಲಿದರೆ ಕೆಂಪು ಕಾಣುವುದಿಲ್ಲ.

ಮೂರನೆಯ ಕಂಬದ ಮೇಲೆ ಅದು ನಿಂತಿತು. ಬಿಸಿ ಹಬೆ ಅವನ ಮೊಣಕಾಲಿಗೆ ತಾಕುತ್ತಿತ್ತು.

ಡ್ರೈವರ್ ಸ್ಪಾರ್ಗೊ ಹೊರಗೆ ತಲೆ ಹಾಕಿದ. “ಏನು ಮೇಸ್ತ್ರಿ, ಸ್ಯಾಂಪ್ಸನ್ ಹೋಗು ಅಂತಾನೆ, ನೀನು ನಿಲ್ಲು ಅಂತೀಯ. ನೀವಿಬ್ಬರೂ ಮೊದಲೇ ಮಾತಾಡಿಕೊಳ್ಳಬಾರದಾ? ನನ್ನ ಹೂಕೋಸು ಲಂಡನ್ ಸೇರೋದ್ರೊಳಗೆ ಅರಳಿ ಮೊಮ್ಮಕ್ಕಳನ್ನ ಕಾಣುತ್ತೆ.”

“ಹಿಂದಕ್ಕೆ ತಗೋ. ಗಟ್ಟಿ ನೆಲದ ಮೇಲೆ ನಿಲ್ಲಿಸು. ಒಂದು ಕಾಲು ನಿಲ್ಲಿಸಿಬಿಡ್ತೀವಿ.”

“ಒಂದು ಕಾಲಿಲ್ಲದೆ ಎಷ್ಟು ಸಲ ದಾಟಿಸಿಲ್ಲ ನಾನು?”

“ಎರಡಿಲ್ಲ.”

ಸ್ಪಾರ್ಗೊ ಡಿಗೊರಿಯ ಮುಖ ನೋಡಿದ, ಆಮೇಲೆ ತನ್ನ ಎಂಜಿನ್ನಿನ ಕೆಳಗೆ ನೋಡಿದ. ಇನ್ನೊಂದು ಮಾತಾಡದೆ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡ.

ಹೊಸ ಕಾಲು ಗೂಡಿನಲ್ಲಿ ಕೂತು, ಬೋಲ್ಟು ಬಿಗಿಯಾಗುವವರೆಗೂ ಯಾರೂ ಪ್ಯಾಸ್ಟಿ ಮುಟ್ಟಲಿಲ್ಲ. ಲವ್‌ಡೇ ಅಂಚಿನಲ್ಲಿ ಕೂತು ಗಂಡನಿಗೆ ಒಂದೇ ಸಮನೆ ಏನೇನೋ ಹೇಳುತ್ತಿದ್ದಳು: ಕೋಳಿ ಮೊಟ್ಟೆಯಿಡುವುದು ನಿಲ್ಲಿಸಿದೆ, ಹೊಗೆಗೂಡು ಕಟ್ಟಿಕೊಂಡಿದೆ. ಅವನು ‘ಹೂಂ’ ಅಂದಾಗಲೆಲ್ಲ ಅವಳು ಉಸಿರು ಬಿಡುತ್ತಿದ್ದಳು.

ಡಿಗೊರಿ ಗಾಡಿಯ ಹತ್ತಿರ ನಡೆದುಹೋದ. “ಈಗ ಒಂದೇ ಇಲ್ಲದಿರೋದು. ನಿಧಾನಕ್ಕೆ ಬಾ.”

“ತಡವಾದದ್ದು ಯಾಕೆ ಅಂತ ಟ್ರೂರೋ ಸ್ಟೇಷನ್ನಿನಲ್ಲಿ ಕೇಳ್ತಾರೆ,” ಎಂದ ಸ್ಪಾರ್ಗೊ. ಸ್ವರ ಮೆತ್ತಗಾಗಿತ್ತು. “ಹಳಿ ಮೇಲೆ ಹಸು ಬಂದಿತ್ತು ಅನ್ನಲಾ? ಇದಕ್ಕೆ ಮುಂಚೆಯೂ ಬಂದಿದೆ.”

ಡಿಗೊರಿ ಬಾವುಟವನ್ನು ಸುತ್ತುತ್ತ ನಿಂತ. ಹಸುವಿನ ನೆಪ ಚೆನ್ನಾಗಿತ್ತು. ಹಸು ಅಂದುಬಿಟ್ಟರೆ ಸೇತುವೆಯೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಆದರೆ ಎಷ್ಟು ಕಾಲಿಲ್ಲವೆಂದು ತಿಳಿಯದೆ ಸ್ಯಾಂಪ್ಸನ್ ಇನ್ನೊಂದು ದಿನವೂ ಹಸಿರು ತೋರಿಸುತ್ತಾನೆ, ಸ್ಪಾರ್ಗೊ ಅದನ್ನೂ ನಂಬುತ್ತಾನೆ.

“ಮೇಸ್ತ್ರಿ ಎರಡು ತೆಗೆದಿದ್ದ ಅನ್ನು. ಕ್ವಿಲ್ಟರ್ ಯಜಮಾನರ ತಪ್ಪಲ್ಲ ಅಂತಲೂ ಸೇರಿಸು.”

“ಅಷ್ಟು ಉದ್ದ ಕೇಳೋ ತಾಳ್ಮೆ ಅವರಿಗಿಲ್ಲ.”

“ಗೊತ್ತು. ಆದರೂ ಹೇಳು.”

ಆಮೇಲೆ ಅವನು ಏಣಿ ಹಿಡಿದು ಕಲ್ಲುಗಂಬದ ನೆತ್ತಿಗೆ ಇಳಿದ, ಅಲ್ಲಿಗಿಳಿದು ವರ್ಷಗಳಾಗಿದ್ದವು. ಹಗ್ಗ ಬಿಚ್ಚಿಕೊಂಡು ಕೂತಿದ್ದ ಜೇಬೆಜ್ ಜಾಗ ಬಿಟ್ಟು ಸರಿದ. ಇಬ್ಬರೂ ಹೊಸ ಕಾಲಿಗೆ ಬೆನ್ನು ಕೊಟ್ಟು ನಿಂತರು. ಗಾಡಿ ಬಂತು. ಮೂರು ಬೆರಳುಗಳ ಕೈ ನರಳಿತು, ಬಿಗಿಯಿತು, ಭಾರ ಹೊತ್ತಿತು. ಮಸಿ, ನೀರು, ಮರದ ಪುಡಿ ಟೋಪಿಯ ಮೇಲೆ ಸುರಿದವು. ಒಂದು ಹೂಕೋಸಿನ ಎಲೆ ತಿರುಗುತ್ತ ಬಂದು ಅವರ ಪಕ್ಕದಿಂದ ಕೆಳಗೆ, ಹೊಳೆಯ ಕಡೆಗೆ ಹೋಯಿತು.

ಡಿಗೊರಿ ಕತ್ತೆತ್ತಿ, ಕೊನೆಯ ಬಂಡಿ ಅಂಚು ದಾಟುವವರೆಗೂ ಹಲಗೆಗಳ ಸಂದಿಯಲ್ಲಿ ನೋಡುತ್ತಲೇ ಇದ್ದ. ಬಾಲದಲ್ಲಿ ಕೆಂಪು ಹಲಗೆ ಇರಲಿಲ್ಲ.

“ಮಾವ,” ಎಂದ ಜೇಬೆಜ್, ಸೇತುವೆಯ ಮೇಲೆ ಮೊದಲ ಸಲ. “ಎರಡೂ ಇಲ್ಲದಿದ್ರೆ ತಡೀತಿತ್ತಾ?”

“ಗೊತ್ತಿಲ್ಲ ಕಣಪ್ಪ,” ಎಂದ ಡಿಗೊರಿ. ಮುಖದ ಮಸಿಯನ್ನು ತೋಳಿನಿಂದ ಒರೆಸಿಕೊಂಡು ಮೇಲಕ್ಕೆ ನೋಡಿ ರಾಟೆಯವರಿಗೆ ಕೈ ಮಾಡಿದ. “ಇನ್ನೊಂದು ಹೊಸ ಕಾಲನ್ನ ಇಳಿಸಿ. ಇವತ್ತೇ ನಿಲ್ಲಿಸಿ ಹೋಗೋಣ.”