ಗಂಟಿಕ್ಕದ ಹುಬ್ಬು

ಮರ ಕೊಯ್ಯುವ ಯಂತ್ರದ ಮುಂದೆ ನಿಂತವರಿಗೆ ಮಾತು ಉಪಯೋಗಕ್ಕೆ ಬರುವುದಿಲ್ಲ. ಗದ್ದಲ ತಡೆಯಲು ಕಿವಿ ಮುಚ್ಚಿರುತ್ತೇವೆ, ಬಾಯಿಗೆ ಮಾಸ್ಕ್, ಎರಡೂ ಕೈ ಹಲಗೆಯ ಮೇಲೆ. ಉಳಿಯುವುದು ಹುಬ್ಬು ಒಂದೇ. ಈ ಕಡೆಯಿಂದ ನಾನು ಹಲಗೆ ತಳ್ಳುತ್ತಿದ್ದೆ, ಆ ಕಡೆಯಿಂದ ನನ್ನ ಅಕ್ಕ ಎಳೆದುಕೊಳ್ಳುತ್ತಿದ್ದಳು. ಕೊಯ್ದ ಸೀಳು ಮುಚ್ಚಿಕೊಂಡು ಗರಗಸವನ್ನು ಹಿಡಿದುಬಿಟ್ಟರೆ ಹಲಗೆ ಹಿಂದಕ್ಕೆ ಚಿಮ್ಮುತ್ತದೆ. ಸೀಳು ಮುಚ್ಚಿಕೊಳ್ಳುವುದು ಮೊದಲು ಕಾಣುವುದು ಎಳೆಯುವವಳಿಗೆ. ಅಕ್ಕ ಹುಬ್ಬು ಗಂಟಿಕ್ಕಿದಳೆಂದರೆ ನಾನು ನಿಲ್ಲಿಸುತ್ತಿದ್ದೆ. ಅಕ್ಕನ ಮದುವೆಗೆ ಮೊದಲಿನಿಂದಲೂ ನಾವಿಬ್ಬರು ದುಡಿದದ್ದು ಹೀಗೇ.

ಅಕ್ಕನ ಹುಬ್ಬುಗಳ ನಡುವೆ ಎರಡು ಗೆರೆ ಬಿದ್ದು ಅಲ್ಲೇ ಕೂತಿದ್ದವು. ನಕ್ಕರೂ ಸಿಟ್ಟಾದಂತೆ ಕಾಣುತ್ತಿದ್ದಳು. ಕಾರ್ಖಾನೆಯಲ್ಲಿ ಅವಳಿಗೆ ಸಿಡುಕಿ ಎಂದೇ ಹೆಸರು. ಒಂದು ದಿನ ಯಾರಿಗೂ ಹೇಳದೆ ಕೇಳದೆ ಚರ್ಮದ ಡಾಕ್ಟರ ಹತ್ತಿರ ಹೋಗಿ ಆ ಗೆರೆಗಳಿಗೆ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದು ಆಮೇಲೆ ನನಗೆ ಹೇಳಿದಳು.

ಮರುದಿನ ನೋಡಿದರೆ ಗೆರೆ ಇದ್ದಲ್ಲೇ ಇತ್ತು. ಹುಬ್ಬು ಎಂದಿನಂತೆ ಗಂಟಿಕ್ಕಿತು, ನಾನು ಎಂದಿನಂತೆ ನಿಲ್ಲಿಸಿದೆ. ದುಡ್ಡೆಲ್ಲ ನೀರುಪಾಲಾಯಿತು ಎಂದು ಅವಳ ಕಾಲೆಳೆದೆ. ಅದರ ಮರುದಿನವೂ ಹಾಗೇ. ಇಬ್ಬರೂ ಆ ವಿಷಯವನ್ನೇ ಬಿಟ್ಟೆವು. ಔಷಧಿ ಕೆಲಸ ಶುರುಮಾಡಲು ಕೆಲವು ದಿನ ಬೇಕು ಎಂದು ಡಾಕ್ಟರು ಹೇಳಿದ್ದನ್ನು ಅಕ್ಕ ತಲೆಗೇ ಹಾಕಿಕೊಂಡಿರಲಿಲ್ಲ.

ವಾರ ಕಳೆಯುವುದರೊಳಗೆ ಒಂದು ಹಸಿ ಹಲಗೆಯ ಸೀಳು ಮುಚ್ಚಿಕೊಂಡಿತು. ನಾನು ಅಕ್ಕನ ಮುಖ ನೋಡುತ್ತಲೇ ತಳ್ಳುತ್ತಿದ್ದೆ. ಹಣೆ ನುಣ್ಣಗಿತ್ತು. ಇನ್ನಷ್ಟು ತಳ್ಳಿದೆ. ಹಲಗೆ ಚಿಮ್ಮಿ ಬಂದು ಹೊಟ್ಟೆಗೆ ಬಡಿಯಿತು. ನಾನು ನೆಲದ ಮೇಲೆ ಕೂತು ಉಸಿರಿಗಾಗಿ ಒದ್ದಾಡುತ್ತಿದ್ದರೆ ಅಕ್ಕ ಓಡಿಬಂದು, ತಾನು ಗಂಟಿಕ್ಕಿದ್ದೆ, ಜೋರಾಗಿಯೇ ಗಂಟಿಕ್ಕಿದ್ದೆ ಎಂದು ಅಳತೊಡಗಿದಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಹಣೆ ಮಾತ್ರ ತನಗೇನೂ ಗೊತ್ತಿಲ್ಲವೆಂಬಂತೆ ಇತ್ತು. ನನಗೆ ನೋವಿಗಿಂತ ಆ ಹಣೆಯ ಮೇಲೇ ಹೆಚ್ಚು ಸಿಟ್ಟು ಬಂತು.

ಅವತ್ತೇ ಡಾಕ್ಟರ ಹತ್ತಿರ ಹೋದೆವು. ಇದನ್ನು ತೆಗೆದುಹಾಕಿ ಎಂದು ನಾನು ಜಗಳಕ್ಕೇ ನಿಂತೆ. ನರ ಸ್ನಾಯುವಿಗೆ ಕಳಿಸುವ ಸಂದೇಶವನ್ನು ಈ ಔಷಧಿ ತಡೆಯುತ್ತದೆ ಎಂದು ಅವರು ಸಮಾಧಾನದಿಂದಲೇ ಬಿಡಿಸಿ ಹೇಳಿದರು. ಅಕ್ಕ ಗಂಟಿಕ್ಕಲು ಹೋದದ್ದು ನಿಜ, ಅದು ಸ್ನಾಯುವಿಗೆ ಮುಟ್ಟಿರಲಿಲ್ಲ ಅಷ್ಟೆ. ಸ್ನಾಯುವೇನೂ ಹಾಳಾಗಿಲ್ಲ. ನರ ಮತ್ತೆ ಸಂಪರ್ಕ ಕೂಡಿಸಿಕೊಳ್ಳುವ ತನಕ, ಅಂದರೆ ಮೂರು ನಾಲ್ಕು ತಿಂಗಳು, ಕಾಯಬೇಕು. ಅದನ್ನು ಬೇಗ ಇಳಿಸುವ ಮದ್ದಿಲ್ಲ. ಗೆರೆ ಬೇಡವೆನ್ನುವವರು ಆಮೇಲೆ ಮತ್ತೆ ಚುಚ್ಚಿಸಿಕೊಳ್ಳುತ್ತಾರಂತೆ. ಹಾಕಲು ಬರುತ್ತದೆ, ತೆಗೆಯಲು ಬರುವುದಿಲ್ಲ. ಇದೆಂಥ ವಿದ್ಯೆಯೋ ನನಗಂತೂ ತಿಳಿಯಲಿಲ್ಲ.

ಹುಬ್ಬು ಬಿಡು, ತಲೆ ಅಲ್ಲಾಡಿಸು ಎಂದು ಅಕ್ಕನಿಗೆ ಹೇಳಿ ಹೇಳಿ ಸೋತೆ. ಗಡಿಬಿಡಿಯಲ್ಲಿ ಅವಳು ಮತ್ತೆ ಹುಬ್ಬನ್ನೇ ನಂಬುತ್ತಿದ್ದಳು. ಕೊನೆಗೆ ಮಾಲೀಕರು ಅವಳನ್ನು ಪಾಲಿಶ್ ಕೋಣೆಗೆ ಹಾಕಿ, ನನ್ನೆದುರು ಒಬ್ಬ ಬಡಗಿಯನ್ನು ತಂದು ನಿಲ್ಲಿಸಿದರು. ಅವನ ಹುಬ್ಬು ಸುಮ್ಮಸುಮ್ಮನೆ ಕುಣಿಯುತ್ತದೆ. ಯಂತ್ರ ನಿಲ್ಲಿಸಿ, ಶುರುಮಾಡಿ, ನಿಲ್ಲಿಸಿ ನನಗೆ ಸಾಕುಸಾಕಾಯಿತು. ಅಕ್ಕ ವಾಪಸು ಬಂದರೆ ಸಾಕು ಎಂದು ಹಲ್ಲುಕಚ್ಚಿ ತಿಂಗಳುಗಳನ್ನು ದೂಡಿದೆ.

ಒಂದು ಸಂಜೆ ನಲ್ಲಿಯ ಹತ್ತಿರ ಕೈ ತೊಳೆಯುವಾಗ ಅವಳ ಹುಬ್ಬಿನ ನಡುವೆ ಕೂದಲೆಳೆಯಷ್ಟು ಗೆರೆ ಕಂಡಿತು. ಕುಣಿಯುವಷ್ಟು ಖುಷಿಯಾಯಿತು. ನಾಳೆಯೇ ಮಾಲೀಕರಿಗೆ ಹೇಳೋಣ ಎಂದೆ. ಅಕ್ಕ ಗೋಡೆಯ ಕನ್ನಡಿಯಲ್ಲಿ ಮುಖ ನೋಡಿಕೊಂಡಳು, ಮೊಬೈಲ್ ತೆಗೆದಳು. ಡಾಕ್ಟರಿಗೆ ಫೋನು.

ನಾನು ಬಾಯಿಗೆ ಬಂದಂತೆ ಬೈದೆ. ನನ್ನ ಹೊಟ್ಟೆಗೆ ಬಿದ್ದ ಪೆಟ್ಟನ್ನೂ ಎತ್ತಿ ಆಡಿದೆ. ಅವಳು ಪೂರ್ತಿ ಬೈಸಿಕೊಂಡಳು.

“ಮಗ ಊಟದ ತಟ್ಟೆ ಎತ್ಕೊಂಡು ರೂಮಿಗೆ ಹೋಗಿಬಿಡ್ತಿದ್ದ ಕಣೇ,” ಎಂದಳು ಆಮೇಲೆ. “ಅಮ್ಮ ಯಾವಾಗ್ಲೂ ಸಿಟ್ಟಲ್ಲೇ ಇರ್ತಾಳೆ ಅಂತ. ಈಗ ನನ್ನೆದುರಿಗೇ ಕೂತ್ಕೊಂಡು ಊಟ ಮಾಡ್ತಾನೆ. ಸ್ಕೂಲಲ್ಲಿ ಏನಾಯ್ತು ಅಂತ ಹೇಳ್ತಾನೆ.”

“ಸಿಟ್ಟಿಲ್ಲ ಅಂತ ಬಾಯ್ಬಿಟ್ಟು ಹೇಳೋಕೆ ಆಗ್ತಿರಲಿಲ್ವಾ ನಿಂಗೆ?”

“ಎಷ್ಟು ಸಲ ಹೇಳಿಲ್ಲ? ಈ ಮುಖ ನೋಡಿ ಯಾರು ನಂಬ್ತಾರೆ? ನೀನು ನಂಬಿದ್ಯಾ?”

ನಾನು ನಲ್ಲಿ ತಿರುಗಿಸಿ ಮುಚ್ಚಿದೆ. ಸಿಟ್ಟೇನೂ ಇಳಿದಿರಲಿಲ್ಲ.

“ಒಬ್ಳೇ ಹೋಗ್ಬೇಡ, ನಾನೂ ಬರ್ತೀನಿ,” ಎಂದೆ. “ದಾರೀಲಿ ಮಾತ್ರ ನನ್ನನ್ನ ಮಾತಾಡಿಸ್ಬೇಡ.”