ಬ್ಯಾಟರಿಗೆ ಸೋಮವಾರದ ರಜೆ

ಕೋಲಿನಿಂದ ಚೆಂಡು ಹೊಡೆಯುವ ಆಟಕ್ಕೆ ಹೋಗುವವರು ಆ ಕೋಲುಗಳ ಚೀಲವನ್ನೂ ತಾವು ಹೊರುವುದಿಲ್ಲವಂತೆ. ಅದಕ್ಕೊಂದು ಮೂರು ಗಾಲಿಯ ಬ್ಯಾಟರಿ ಗಾಡಿ. ಗುಂಡಿ ಒತ್ತಿ ಹಿಡಿಕೆ ಹಿಡಿದರೆ ಸಾಕು, ತಾನೇ ಮುಂದೆ ಹೋಗುತ್ತದೆ. ಗಾಲ್ಫ್ ಟ್ರಾಲಿ ಎನ್ನುತ್ತಾರೆ. ಯಾವುದೋ ಊರಿನ ಗುಜರಿಯಲ್ಲಿ ಬಿದ್ದಿದ್ದ ಅಂಥದ್ದೊಂದನ್ನು ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಓಣಿಗೆ ತಂದವನು ಬ್ಯಾಟರಿ ರಿಪೇರಿಯ ಮಂಜೂರ. ಹೊಸ ಬ್ಯಾಟರಿ ಕೂಡಿಸಿ, ಚೀಲದ ಜಾಗದಲ್ಲಿ ರೊಟ್ಟಿ ಬುಟ್ಟಿ ಕೂಡುವಂತೆ ಮಾಡಿ ನಮ್ಮ ಅತ್ತೆಗೆ ಕೊಟ್ಟ.

ಅತ್ತೆ ಹುಲಿಗವ್ವ ಜೋಳದ ರೊಟ್ಟಿ ಬಡಿದು ಕೊಪ್ಪಳದ ಖಾನಾವಳಿಗಳಿಗೆ ಮುಟ್ಟಿಸುವವರು. ವರ್ಷಗಟ್ಟಲೆ ಬುಟ್ಟಿ ಹೊತ್ತು ಅವರ ಕುತ್ತಿಗೆಯ ಮೂಳೆ ಸವೆದಿತ್ತು. ಇನ್ನೂ ಹೊತ್ತರೆ ಬಲಗೈ ಸ್ವಾಧೀನ ತಪ್ಪುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೈ ಹೋದರೆ ರೊಟ್ಟಿಯೂ ಹೋಯಿತು. ಹಾಗಾಗಿ ಆ ಗಾಡಿ ಬಂದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಗಾಡಿಯ ಉಸ್ತುವಾರಿ ಮಾವ ಹುಚ್ಚೀರಪ್ಪನವರದು. ಹರೆಯದಿಂದಲೂ ಎತ್ತು ಹೂಡಿದ ಮನುಷ್ಯ, ಎತ್ತು ಮಾರಿದ ಮೇಲೆ ಕೈಗೆ ಕೆಲಸವಿಲ್ಲದೆ ಕೂತಿದ್ದರು. ಬಂದ ದಿನವೇ ಒಂದು ಷರತ್ತು ಹಾಕಿದರು: ಸೋಮವಾರ ಇದನ್ನು ಹೂಡಬಾರದು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ನಾವೆಲ್ಲ ನಕ್ಕು ಒಪ್ಪಿದೆವು. ಖಾನಾವಳಿಗೆ ಮಾತ್ರ ಸೋಮವಾರವೂ ರೊಟ್ಟಿ ಬೇಕು. ಒಂದು ದಿನ ತಾನೇ ಎಂದು ಅತ್ತೆ ಆವತ್ತು ಬುಟ್ಟಿ ತಲೆಗೇರಿಸುತ್ತಿದ್ದರು. ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಕೆಲವು ತಿಂಗಳಲ್ಲಿ ಗಾಡಿ ಸುಸ್ತು ಹೊಡೆಯತೊಡಗಿತು. ಮೊದಮೊದಲು ಮಂಗಳವಾರ ಮಾತ್ರ ರೈಲ್ವೆ ಸೇತುವೆಯ ಏರಿನಲ್ಲಿ ನಿಂತುಬಿಡುತ್ತಿತ್ತು, ಬರಬರುತ್ತ ಇಂಥ ವಾರವೆಂದಿಲ್ಲ. ನಿಂತಲ್ಲಿಂದ ಅತ್ತೆ ಬುಟ್ಟಿ ಹೊತ್ತು ನಡೆಯುತ್ತಿದ್ದರು. ಒಂದು ಬೆಳಗ್ಗೆ ಅವರ ಕೈಯಿಂದ ನೀರಿನ ಚೊಂಬು ಜಾರಿ ಬಿತ್ತು. ಅವತ್ತೇ ಮಂಜೂರನಿಗೆ ಹೇಳಿ ಕಳಿಸಿದೆ.

ಮಂಜೂರ ಬಂದು ಮೀಟರು ಹಿಡಿದು ನೋಡಿದ. ಚಾರ್ಜರು ಸರಿಯಿತ್ತು, ವೈರೂ ಸರಿಯಿತ್ತು. ಇದು ಸೀಸದ ಬ್ಯಾಟರಿ, ದುಡಿದು ಬಂದ ಕೂಡಲೇ ಚಾರ್ಜಿಗೆ ಹಾಕಬೇಕು, ಖಾಲಿ ಬಿಟ್ಟರೆ ಒಳಗೊಳಗೇ ಕೆಡುತ್ತದೆ ಎಂದು ಅವನು ಮೊದಲೇ ಹೇಳಿದ್ದ.

“ಯಾರೋ ಇದನ್ನ ಹಸಿವಿನಾಗ ಬಿಟ್ಟಾರ ನೋಡ್ರಿ,” ಎಂದ.

ಮಾವ ಮುಖ ಗಂಟಿಕ್ಕಿದರು. ತಮ್ಮ ಕೈಯಲ್ಲಿ ಯಾವ ಮೂಕಪ್ರಾಣಿಯೂ ಉಪವಾಸ ಬಿದ್ದಿಲ್ಲ ಎಂದರು.

ಹಾಗಾದರೆ ಯಾರು? ಇಂಥದ್ದೊಂದು ತಲೆಗೆ ಹೊಕ್ಕರೆ ನನಗೆ ಅನ್ನ ಸೇರುವುದಿಲ್ಲ. ಗಾಡಿಯ ಪ್ಲಗ್ಗು ಕಿತ್ತು ಫೋನು ಹಚ್ಚುತ್ತಾನೇನೋ ಎಂದು ಗಂಡನ ಮೇಲೆ ಹರಿಹಾಯ್ದೆ, ಪಾಪ, ಅವನ ತಪ್ಪೇನೂ ಇರಲಿಲ್ಲ. ಇಲಿ ಏನಾದರೂ ಕಡಿದಿದೆಯೇ ಎಂದು ಗಾಡಿ ನಿಲ್ಲಿಸುವ ಮೂಲೆಯಲ್ಲಿ ಬಗ್ಗಿ ನೋಡಿದೆ. ಓಣಿಯಲ್ಲಿ ಯಾವಾಗ ಕರೆಂಟು ಹೋಗುತ್ತದೆಂದು ಮನೆಮನೆ ಕೇಳಿ ಬಂದೆ. ಸಂಜೆ ಮಾವ ತಾವೇ ಪ್ಲಗ್ಗು ಹಾಕುವುದನ್ನೂ ಕಣ್ಣಾರೆ ಕಂಡೆ. ಭಾನುವಾರ ಸಂಜೆ ಮಾತ್ರ ಗಾಡಿಯ ಮೇಲೆ ಜೂಲು ಹೊದಿಸುತ್ತಿದ್ದರು, ಹಬ್ಬಕ್ಕೆ ಎತ್ತಿನ ಬೆನ್ನಿಗೆ ಹಾಕುತ್ತಿದ್ದ ಅದೇ ಕೆಂಪು ಜೂಲು.

ನಾನು ದುಡಿಯುವ, ತಲೆಗೂದಲು ಹಸನು ಮಾಡುವ ಕಾರ್ಖಾನೆಗೆ ಒಂದು ಸೋಮವಾರ ರಜೆ ಕೊಟ್ಟಿದ್ದರು. ಅತ್ತೆ ಬುಟ್ಟಿ ಹೊತ್ತು ಹೋದ ಮೇಲೆ ಮೂಲೆಗೆ ಹೋಗಿ ಜೂಲು ಎತ್ತಿದೆ. ಚಾರ್ಜರಿನ ವೈರನ್ನು ನೀಟಾಗಿ ಸುತ್ತಿ ಹಿಡಿಕೆಗೆ ಕಟ್ಟಲಾಗಿತ್ತು. ಬ್ಯಾಟರಿಗೆ ವಿಭೂತಿ ಹಚ್ಚಿತ್ತು. ಭಾನುವಾರ ಊರೆಲ್ಲ ಸುತ್ತಿ ಖಾಲಿಯಾಗಿ ಬಂದದ್ದು ಹಾಗೆಯೇ ಕೂತಿತ್ತು.

ಮಾವನನ್ನೇ ಕೇಳಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ. ಚಾರ್ಜಿಗೆ ಹಾಕಿದಾಗ ಮುಟ್ಟಿ ನೋಡಿದ್ದರಂತೆ, ಬೆಚ್ಚಗಿತ್ತಂತೆ, ಚಾರ್ಜರು ಗುಂಯ್ ಎನ್ನುತ್ತಿತ್ತಂತೆ.

“ಮೈ ಬಿಸಿ ಆಗ್ತೈತಿ ಅಂದ್ರ ದುಡಿಯಾಕತ್ತೈತಿ ಅಂತನ ಅಲ್ಲೇನವಾ? ಸಂಜಿಗೆ ಹಚ್ಚಿದ್ರ ಬೆಳತನಕ ದುಡಿತೈತಿ, ಸೋಮವಾರ ಹೆಂಗ ದುಡಿಸ್ಲಿ? ಮಂಗಳಾರ ಮುಂಜಾನಿ ಹಾಕ್ತೀನಿ.”

ನಗುವೂ ಬಂತು, ಸಿಟ್ಟೂ ಬಂತು. ಅದು ದುಡಿಯುವುದಲ್ಲ, ಉಣ್ಣುವುದು ಎಂದು ತಿಳಿಸಿ ಹೇಳಿದೆ. ಹೊಟ್ಟೆ ತುಂಬಿದರೆ ಚಾರ್ಜರಿನ ದೀಪ ಹಸಿರಾಗುತ್ತದೆ, ಆಮೇಲೆ ಅದಕ್ಕೆ ಪೂರ್ತಿ ವಿಶ್ರಾಂತಿ. ಹಸಿರಾದ ಮೇಲೆ ಮೆಲುಕು ಹಾಕುತ್ತಿರುತ್ತದೇನು ಎಂದು ಮಾವ ಕೇಳಿದರು. ಹಾಗೇ ಅಂದುಕೊಳ್ಳಿ ಎಂದೆ. ಹಸಿದದ್ದಕ್ಕೆ ಜೂಲು ಹೊದಿಸಿ ಕೂಡಿಸಿದೆನಲ್ಲ ಎಂದು ಅವರು ಬ್ಯಾಟರಿಯನ್ನು ಸವರತೊಡಗಿದರು. ಕಣ್ಣಲ್ಲಿ ನೀರಾಡಿತ್ತು.

ಅದೇ ಹೊತ್ತಿಗೆ ಅತ್ತೆ ಬಾಗಿಲಿಗೆ ಬಂದರು. ಖಾಲಿ ಬುಟ್ಟಿ ಎಡಗೈಯಲ್ಲಿತ್ತು, ಬಲಗೈ ಜೋತು ಬಿದ್ದಿತ್ತು. ನನ್ನ ತಾಳ್ಮೆ ಹೋಯಿತು.

“ಮಾವಾರ, ಹಂಗ ಅತ್ತಿ ಕುತ್ತಿಗಿನೂ ಒಂದೀಟು ಮುಟ್ಟಿ ನೋಡ್ರಿ. ಅವರ ಸೋಮವಾರ ಯಾವಾಗ ಬರ್ತೈತಿ?”

ಸೊಸೆಯ ಬಾಯಲ್ಲಿ ಬರುವ ಮಾತಲ್ಲ. ಅತ್ತೆಯೇ ನನ್ನನ್ನು ಗದರಿದರು. ಮಾವ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.

ಆ ವಾರ ಮಂಜೂರ ಬೇರೆ ಬ್ಯಾಟರಿ ಕೂಡಿಸಿದ. ಭಾನುವಾರ ಮಾವ ತಾವೇ ಖಾನಾವಳಿಗಳಿಗೆ ಹೋಗಿ, ಇನ್ನು ಸೋಮವಾರ ರೊಟ್ಟಿ ಬರುವುದಿಲ್ಲವೆಂದು ಹೇಳಿ ಬಂದರು. ಮರುದಿನ ರೊಟ್ಟಿಯ ಒಲೆ ಹೊತ್ತಲಿಲ್ಲ. ಏನು ಮಾಡಬೇಕೋ ತಿಳಿಯದೆ ಅತ್ತೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದರು. ಕಡೆಗೆ ಮಾವ ಕಸಬರಿಗೆ ಕಸಿದುಕೊಂಡರು. ಜೂಲನ್ನು ಮಡಚಿ ಅವರ ಕುತ್ತಿಗೆಯ ಕೆಳಗಿಟ್ಟು ಮಲಗಿಸಿದರು. ಮಲಗಿದಲ್ಲಿಂದಲೇ ಅತ್ತೆ, ಗಾಡಿಗೆ ಚಾರ್ಜು ಆಯಿತೇನು ಎಂದು ಕೇಳಿದರು.

“ಹಸಿರಾಗೇತಿ,” ಎಂದರು ಮಾವ. “ನೀ ಸುಮ್ಮನ ಮಕ್ಕೋ.”