ಉಮಾಪತಿಯ ಮೊಣಕಾಲು

ಕೊಪ್ಪಳದ ಕೋಟೆಗುಡ್ಡದ ಕೆಳಗಿನ ಮೈದಾನ ಗರಸಿನದ್ದು, ಸಣ್ಣ ಹರಳುಗಲ್ಲಿನ ನೆಲ. ಕೋಲು ಹಿಡಿದು ಬರಿಗಾಲಲ್ಲಿ ಹಾಕಿಯಾಟ ಆಡುವ ಹುಡುಗ ಅಲ್ಲಿ ಬಿದ್ದನೆಂದರೆ ಮೊಣಕಾಲಿನ ಚರ್ಮವನ್ನು ಅಲ್ಲೇ ಬಿಟ್ಟು ಏಳಬೇಕು. ಅದಕ್ಕೇ ಇರಬೇಕು, ಅಲ್ಲಿಯ ಮಂದಿ ಆಟ ಮುಗಿದ ಮೇಲೆ ಮೊದಲು ನೋಡುತ್ತಿದ್ದದ್ದು ಮೊಣಕಾಲು. ಹನ್ನೊಂದು ಮಂದಿಯೂ ಬೇವಿನ ಕಟ್ಟೆಯ ಮೇಲೆ ಸಾಲಾಗಿ ಕಾಲು ಚಾಚಿ ಕೂಡಬೇಕು. ಹಿರಿಯರು ಒಬ್ಬೊಬ್ಬರ ಕಾಲನ್ನೂ ನೋಡುತ್ತ ಬರಬೇಕು. ರಕ್ತ ಕಂಡ ಕಾಲಿಗೆ ಎಣ್ಣೆ ಅರಿಶಿಣ ಹಚ್ಚಿ ಶಹಬ್ಬಾಸ್ ಅನ್ನಬೇಕು. ಅರಿಶಿಣದ ಬಟ್ಟಲು ಹಿಡಿಯುವವನು ಅರಿವೆ ಅಂಗಡಿಯ ಕೊಟ್ರಪ್ಪ. ತಂಡಕ್ಕೆ ಅಂಗಿ ಹೊಲಿಸಿ ಕೊಟ್ಟವನೂ ಅವನೇ, ಆದ್ದರಿಂದ ತಂಡದ ವಿಷಯದಲ್ಲಿ ಕೊನೆಯ ಮಾತೂ ಅವನದೇ.

ಆ ಹನ್ನೊಂದರಲ್ಲಿ ಕಾಳಪ್ಪನ ಕಾಲಿಗೆ ಹಚ್ಚಿದ ಅರಿಶಿಣ ನೋಡಿದರೆ ಅವನಿಗೆ ವಾರಕ್ಕೊಂದು ಮದುವೆ ಅನ್ನಬೇಕು, ಅಷ್ಟು ಬೀಳುತ್ತಿದ್ದ. ಉಮಾಪತಿಯ ಕಾಲು ಮಾತ್ರ ಆಗ ತಾನೇ ತೊಳೆದುಕೊಂಡು ಬಂದ ಹಾಗೆ ಇರುತ್ತಿತ್ತು. ಗೋಲು ಹೊಡೆಯುವವನು ಅವನೇ ಹೌದು. ಆದರೆ ಬೆವರಿಲ್ಲ, ಏದುಸಿರಿಲ್ಲ. ಇದೇನು ಆಡುವುದೋ, ಸಂಜೆ ತಿರುಗಾಡಲು ಬಂದಿರುವುದೋ ಎಂದು ಕೊಟ್ರಪ್ಪನಿಗೆ ಮೊದಲಿಂದಲೂ ಒಳಗೊಳಗೇ ಚುಚ್ಚುತ್ತಿತ್ತು.

ಸಾವಿರದ ಒಂಬೈನೂರ ಮೂವತ್ತೆಂಟರ ಚಳಿಗಾಲದಲ್ಲಿ ರಾಯಚೂರಿನಿಂದ ಕಾಗದ ಬಂತು. ದೊಡ್ಡ ಪಂದ್ಯಾವಳಿಯ ತಂಡಕ್ಕೆ ಕೊಪ್ಪಳದಿಂದ ಒಬ್ಬನ ಹೆಸರು ಬೇಕು, ಒಬ್ಬನದೇ. ಅಲ್ಲಿ ಆಡಿದವರಿಗೆ ಕಚೇರಿಯಲ್ಲಿ ನೌಕರಿ ಸಿಗುವುದೂ ಉಂಟು. ಉಮಾಪತಿಯೋ ಕಾಳಪ್ಪನೋ? ಆಗ ಕಚೇರಿ ಶಾಲೆಗಳಿಗೆಲ್ಲ ಶುಕ್ರವಾರ ಸೂಟಿ, ಆ ದಿನ ಗಂಗಾವತಿಯವರ ಜೊತೆ ಆಟವಿತ್ತು. ಅದು ಮುಗಿದ ಮೇಲೆ ಹೇಳುತ್ತೇನೆ ಅಂದ ಕೊಟ್ರಪ್ಪ.

ಬುಧವಾರ ಟಾಂಗಾ ಹೊಡೆಯುವ ದಾದೇಸಾಬ ಅಂಗಡಿಯ ಮೆಟ್ಟಿಲಿಗೆ ಬಂದು ಕೂತ.

"ಸಾಹುಕಾರ್ರ, ಒಂದ ಮಾತ ಹೇಳ್ತೀನಿ. ನನ್ನ ಹೆಸರ ತರಬ್ಯಾಡ್ರಿ."

"ನೀ ಹೇಳೂ ಮಾತೆಲ್ಲಾ ಹಂಗ ಇರತಾವು. ಹೇಳು."

"ಉಮಾಪತಿ ಸೋಮವಾರ ಗಂಗಾವತಿ ಮೋಟಾರ ಇಳದಾನ. ಕೈಯಾಗ ಒಂದ ಗಂಟ ಇತ್ರಿ."

"ಅವರಕ್ಕನ್ನ ಗಂಗಾವತಿಗೆ ಕೊಟ್ಟಾರಲ್ಲೋ."

"ಅದನ ನಾನೂ ಹೇಳೂದು. ಅಕ್ಕನ ಮೈದುನ ಆ ತಂಡದಾಗ ಗೋಲ ಕಾಯ್ತಾನ."

ಕೊಟ್ರಪ್ಪ ಅಳತೆಯ ಗಜ ಕೆಳಗಿಟ್ಟ. "ಗಂಟಿನ್ಯಾಗ ಏನಿತ್ತು?"

"ಅಕ್ಕಿ ಅಂದಾನ್ರಿ."

"ನೀ ಕೇಳಿದ ಮ್ಯಾಲ ಅಂದ್ನೋ, ಕೇಳದನ ಅಂದ್ನೋ?"

ದಾದೇಸಾಬ ಗಡ್ಡ ಕೆರೆದುಕೊಂಡು ನೆನಪು ಮಾಡಿಕೊಂಡ. "ಕೇಳದನ ಅಂದಾನ್ರಿ."

"ನೋಡು ಮತ್ತ!"

ಒಳಗೆ ನೂಲು ಸುತ್ತುತ್ತಿದ್ದ ಕೊಟ್ರಪ್ಪನ ಹೆಂಡತಿ ಶೇಖರಮ್ಮನಿಗೆ ತಡೆಯಲಾಗಲಿಲ್ಲ. "ಭತ್ತ ಬೆಳೆಯೂ ಗಂಗಾವತಿಂದ ಬರಾಂವ ಅಕ್ಕಿ ತರದ ಆನಿ ತರತಾನೇನು? ನಿಮ್ಮಿಬ್ಬರಿಗೂ ಬ್ಯಾರೆ ಉದ್ಯೋಗಿಲ್ಲ."

ಮರುದಿನ ಉಮಾಪತಿ ಅಂಗಡಿಯ ಮುಂದೆ ಹೋಗುತ್ತಿದ್ದಾಗ ಕೊಟ್ರಪ್ಪ ಕೂಗಿ ನಿಲ್ಲಿಸಿದ. "ನಾಳಿ ನಿನ್ನ ಮೊಣಕಾಲ ನೋಡ್ತೀನಿ, ತಮ್ಮಾ."

"ಗೋಲ ನೋಡಂಗಿಲ್ಲೇನ್ರಿ, ಕಾಕಾ?"

"ಗೋಲ ಎಲ್ಲಾರೂ ನೋಡ್ತಾರ. ರಾಯಚೂರಿಗೆ ಕಳಸಾಂವ ನಾನು."

ಉಮಾಪತಿ ಮತ್ತೇನೂ ಅನ್ನದೆ ಹೋದ. ಅದೂ ಕೊಟ್ರಪ್ಪನಿಗೆ ಸರಿ ಕಾಣಲಿಲ್ಲ. ತಪ್ಪಿಲ್ಲದವನು ಎರಡು ಮಾತಾದರೂ ಆಡಬೇಡವೇ?

ಶುಕ್ರವಾರ ಕೊಟ್ರಪ್ಪ ಒಂದು ನಿರ್ಧಾರ ಮಾಡಿಕೊಂಡೇ ಬಂದಿದ್ದ. ಚೆಂಡಿನ ಕಡೆ ಕಣ್ಣೆತ್ತುವುದಿಲ್ಲ. ಇಡೀ ಆಟದಲ್ಲಿ ಉಮಾಪತಿಯನ್ನೊಬ್ಬನನ್ನೇ ನೋಡುವುದು, ಕಳ್ಳನನ್ನು ಕಾಯುವ ಹಾಗೆ. ಮಂದಿಯೆಲ್ಲ ಗೋಲಿನ ಹಿಂದೆ ಗುಂಪುಗೂಡಿದರೆ ಅವನು ಗೆರೆಯ ಪಕ್ಕದಲ್ಲಿ ಒಬ್ಬನೇ ನಡೆದಾಡಿದ.

ನಿಂತಿದ್ದಾನೆ. ಮತ್ತೆ ನಿಂತಿದ್ದಾನೆ. ಎಲ್ಲರೂ ಆ ಕಡೆ ಓಡಿದರೆ ಇವನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ! ಕೊಟ್ರಪ್ಪನಿಗೆ ಒಂದು ಬಗೆಯ ಖುಷಿಯೇ ಆಯಿತು. ಅಷ್ಟರಲ್ಲಿ ಉಮಾಪತಿ, ಯಾಕೆಂದು ನೋಡುವವರಿಗೆ ಗೊತ್ತಾಗದ ಹಾಗೆ, ಎಡಕ್ಕೆ ನಾಲ್ಕು ಹೆಜ್ಜೆ ಹಾಕಿದ. ಚೆಂಡು ಅಲ್ಲಿಗೇ ಬಂತು. ಸ್ವಲ್ಪ ಹೊತ್ತಿಗೆ ಹಿಂದಕ್ಕೆ ಆರು ಹೆಜ್ಜೆ ಸರಿದ. ಅಲ್ಲಿಗೂ ಬಂತು. ಚೆಂಡು ಎಲ್ಲಿ ಬೀಳುತ್ತದೆಂದು ಇವನಿಗೆ ಮೊದಲೇ ಹೇಳಿದವರು ಯಾರು? ಗಂಗಾವತಿಯವರೇ ಹೇಳಿಟ್ಟಿರಬೇಕು!

ಆಗ ಕಾಳಪ್ಪ ಚೆಂಡಿನ ಹಿಂದೆ ಓಡಿ, ಒಂದು ಹೆಜ್ಜೆ ತಡವಾಗಿ ಮುಟ್ಟಿ, ಎಂದಿನಂತೆ ದಬಕ್ಕನೆ ಬಿದ್ದ. ಬೀಳುವಾಗ ಅವನ ಕೋಲು ತಗುಲಿ ಚೆಂಡು ಎತ್ತೆತ್ತಲೋ ಹಾರಿತು. ಮಂದಿ ಕೇಕೆ ಹಾಕಿದರು. ಚೆಂಡು ಹೋಗಿ ನಿಂತದ್ದು ಉಮಾಪತಿಯ ಕೋಲಿನ ಮುಂದೆ. ಅವನು ಆಗಲೇ ಅಲ್ಲಿದ್ದ. ತಿರುಗಿಸಿದ, ಹೊಡೆದ, ಗೋಲು. ಗೋಲು ಕಾಯುತ್ತಿದ್ದ ಅಕ್ಕನ ಮೈದುನ ತಡೆಯಲು ಹೋಗಿ ಕೈಕಾಲು ಚಾಚಿ ನೆಲಕ್ಕೆ ಬಿದ್ದಿದ್ದ.

ಕಾಳಪ್ಪನ ಕೋಲು ಎಲ್ಲಿ ತಾಗುತ್ತದೆಂದು ಕಾಳಪ್ಪನಿಗೇ ಗೊತ್ತಿರಲಿಲ್ಲ, ಇನ್ನು ಗಂಗಾವತಿಯವರು ಅದನ್ನು ಹೇಳಿಕೊಡುವುದು ಹೇಗೆ? ಕೊಟ್ರಪ್ಪ ನಡೆದಾಡುವುದನ್ನು ನಿಲ್ಲಿಸಿದ. ಇಷ್ಟು ವರ್ಷ ತಾನು ಅರಿಶಿಣ ಹಚ್ಚಿದ್ದು ಯಾವುದಕ್ಕೆ? ತಡವಾಗಿ ಮುಟ್ಟಿದ್ದಕ್ಕೋ?

ಗಂಗಾವತಿಯವರೂ ಒಂದು ಗೋಲು ಹೊಡೆದು ಆಟ ಸರಿಸಮ ಇತ್ತು, ಇನ್ನೇನು ಮುಗಿಯಬೇಕು. ಚೆಂಡು ಉರುಳುತ್ತ ಉಮಾಪತಿಯ ಕಡೆಗೇ ಬರುತ್ತಿತ್ತು. ಅವನು ಅದರ ದಾರಿಯಲ್ಲೇ ಆರಾಮಾಗಿ ನಿಂತಿದ್ದ. ಕೋಲು ಇಟ್ಟರೆ ಸಾಕು. ಆದರೆ ಅವನು ತಲೆಯೆತ್ತಿ ನೇರವಾಗಿ ಕೊಟ್ರಪ್ಪನನ್ನು ನೋಡಿದ. ನೋಡಿ, ಎರಡೂ ಮೊಣಕಾಲು ಊರಿ ಗರಸಿನ ಮೇಲೆ ದರದರ ಜಾರಿದ. ಚೆಂಡು ಪಕ್ಕದಲ್ಲೇ ಹಾದುಹೋಯಿತು. ಗಂಗಾವತಿಯವನೊಬ್ಬ ಅದನ್ನು ಹಿಡಿದು ಓಡಿದ. ಗೋಲು. ಆಟ ಮುಗಿದ ಸೀಟಿ ಕೇಳಿತು.

ಸೋತ ಊರು ಹಾಗೆ ಕುಣಿದದ್ದನ್ನು ಯಾರೂ ಕಂಡಿರಲಿಕ್ಕಿಲ್ಲ. "ಜೀವಾ ಕೊಟ್ಟ ನೋಡ್ರಿ! ಸೋತ್ರ ಸೋತ್ವಿ, ಬಿಡ್ರಿ!" ಎಂದು ಉಮಾಪತಿಯನ್ನು ಹೊತ್ತು ತಂದು ಕಟ್ಟೆಯ ಮೇಲೆ ಕೂಡಿಸಿದರು. ದಾದೇಸಾಬನ ಕಣ್ಣಲ್ಲಿ ನೀರು. "ನಾ ಸುಮ್ಮನ ಸಂಶೇ ಪಟ್ಟೆ, ಸಾಹುಕಾರ್ರ. ಹುಡುಗ ಅಂದ್ರ ಬಂಗಾರ!"

ಕೊಟ್ರಪ್ಪ ಬಟ್ಟಲು ಹಿಡಿದು ಅವನ ಮುಂದೆ ಕೂತು ಮೆಲ್ಲಗೆ ಕೇಳಿದ. "ಯಾಕ ಬಿದ್ದಿ?"

"ಕಾಲ ಜಾರಿತ್ರಿ."

"ಸುಳ್ಳು. ನಾ ಚೆಂಡ ನೋಡಿಲ್ಲ, ನಿನ್ನ ನೋಡೀನಿ."

ಉಮಾಪತಿ ಮೊಣಕಾಲಿಗೆ ನೆಟ್ಟ ಹರಳೊಂದನ್ನು ಕಿತ್ತು ಎಸೆದ. "ನನಗ ರಾಯಚೂರಿಗೆ ಹೋಗಬೇಕಾಗೇತ್ರಿ, ಕಾಕಾ. ನೀವು ಮೊಣಕಾಲ ಕೇಳಿದ್ರಿ."

ಕೊಟ್ರಪ್ಪ ಬಟ್ಟಲನ್ನು ಕಟ್ಟೆಯ ಮೇಲಿಟ್ಟ. ಬೇಕೆಂದೇ ಬಿದ್ದ ಎಂದು ಎದ್ದು ಹೇಳಿದರೆ ಇದೇ ಮಂದಿ ಅವನನ್ನು ಅಕ್ಕನ ಊರಿಗೆ ಆಟ ಮಾರಿದವನು ಅಂದಾರು. ಹಾಗೆ ನೋಡಿದರೆ, ಅಲ್ಲವೆಂದು ತಾನಾದರೂ ಹೇಗೆ ಹೇಳುವುದು? ತಾನು ಮೊಣಕಾಲು ಕೇಳಿದ್ದೇ, ಬೇಕೆಂದು ಸೋಲಲು ಅವನಿಗೊಂದು ನೆಪವಾಗಿರಬಾರದೇ?

"ಹೆಸರ ಹೇಳ್ರಿ, ಸಾಹುಕಾರ್ರ!" ಎಂದು ಹಿಂದಿನಿಂದ ಕೂಗಿದರು.

"ಉಮಾಪತಿ," ಅಂದ ಕೊಟ್ರಪ್ಪ. ಮಂದಿಯ ಕೂಗು ಗುಡ್ಡಕ್ಕೆ ತಾಗಿತು. ಅವನು ಹುಡುಗನ ಕಿವಿಯ ಹತ್ತಿರ ಬಗ್ಗಿದ. "ನಾನೂ ರಾಯಚೂರಿಗೆ ಬರ್ತೀನಿ."

"ಆಟ ನೋಡಾಕೇನ್ರಿ?"

"ನಿನ್ನ ನೋಡಾಕ. ಅಲ್ಲೇನರ ಬಿದ್ದೀ ಅಂದ್ರ ಕಿವಿ ಹಿಡದು ಹೊಳ್ಳಿ ಕರಕೊಂಡ ಬರ್ತೀನಿ."

ಉಮಾಪತಿ ನಕ್ಕ. ಆ ನಗುವನ್ನು ಎಷ್ಟರ ಮಟ್ಟಿಗೆ ನಂಬಬೇಕೆಂದು ಕೊಟ್ರಪ್ಪನಿಗೆ ತಿಳಿಯಲಿಲ್ಲ.